ಹಳದೀಪುರದ ಅರುಣಾ

ಉತ್ತರ ಕನ್ನಡದ ಹಳದೀಪುರದಲ್ಲಿ 1948ರಲ್ಲಿ ಜನಿಸಿದ ಅರುಣಾ ಶಾನಭಾಗ ಅವರು ದಾದಿಯಾಗಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಸೇವೆ ಸಲ್ಲಿಸುತ್ತಿದ್ದರು. ಅಲ್ಲಿಯ ವೈದ್ಯರೊಬ್ಬರೊಡನೆ ವಿವಾಹ ನಿಶ್ಚಯವಾಗಿತ್ತು. 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯ ನೌಕರನೊಬ್ಬನು ಅವರ ಕೊರಳಿಗೆ ನಾಯಿಯ ಸರಪಳಿ ಬಿಗಿದು ದೌರ್ಜನ್ಯವೆಸಗಿದನು. ಮೆದುಳಿಗೆ ಪ್ರಾಣವಾಯು ತಲಪದೆ ಮಾತು, ನಡಿಗೆ, ಅರಿವುಗಳು ನಂದಿದವು.

ಮುಂದಿನ ನಲವತ್ತೊಂದೂವರೆ ವರ್ಷ ಅವರನ್ನು ಮೀಯಿಸಿ, ಉಣಿಸಿ, ಮಗ್ಗುಲು ಬದಲಿಸಿದವರು ಆಸ್ಪತ್ರೆಯ ದಾದಿಯರು. ಅವರನ್ನು ಸ್ವಸ್ಥರಾಗಿ ಎಂದೂ ಕಾಣದ ಕಿರಿಯರೂ ಸಹ. ಮೈಮೇಲೆ ಹಾಸಿಗೆಹುಣ್ಣು ಏಳಲಿಲ್ಲ. ರೋಗಿಗಳ ಆರೈಕೆ ಮಾಡಿದ ತಾಯಂದಿರಿಗೆ ಇದರ ಬೆಲೆಯನ್ನು ನಾವು ಹೇಳಬೇಕಾಗಿಲ್ಲ.

ಆಹಾರ ನೀಡುವುದನ್ನು ನಿಲ್ಲಿಸಬೇಕೆಂದು ಲೇಖಕಿ ಪಿಂಕಿ ವಿರಾನಿಯವರು ಸಲ್ಲಿಸಿದ ಅರ್ಜಿಯನ್ನು ಸರ್ವೋಚ್ಚ ನ್ಯಾಯಾಲಯವು 2011ರ ಮಾರ್ಚ್ 7ರಂದು ತಿರಸ್ಕರಿಸಿತು. ಆದರೆ ಉಚ್ಚ ನ್ಯಾಯಾಲಯದ ಒಪ್ಪಿಗೆಯಿಂದ ಜೀವರಕ್ಷಕ ಚಿಕಿತ್ಸೆಯನ್ನು ಹಿಂತೆಗೆಯುವ ದಾರಿಯನ್ನೂ ಅದೇ ತೀರ್ಪು ತೆರೆಯಿತು.

ಉಣಿಸುವುದು ಬೇರೆ, ನಿಲ್ಲುತ್ತಿರುವ ಉಸಿರನ್ನು ಯಂತ್ರದಿಂದ ಎಳೆಯುವುದು ಬೇರೆ. 1957ರ ನವೆಂಬರ್‌ನಲ್ಲಿ ಪೋಪ್ 12ನೇ ಪಯಸ್‌ರವರು ಅರಿವಳಿಕೆ ವೈದ್ಯರಿಗೆ ಉತ್ತರಿಸುತ್ತಾ, ಸಾಮಾನ್ಯ ಉಪಾಯಗಳು ಕರ್ತವ್ಯವೆಂದೂ, ರೋಗಿಗೂ ಮನೆಯವರಿಗೂ ಮಿತಿಮೀರಿದ ಹೊರೆಯಾಗುವ ಅಸಾಮಾನ್ಯ ಉಪಾಯಗಳು ಕಡ್ಡಾಯವಲ್ಲವೆಂದೂ ತಿಳಿಸಿದ್ದರು. ಸಂಡೂರು, ಕಂಪ್ಲಿಗಳಿಂದ ವೃದ್ಧ ತಂದೆಯನ್ನು ಹೊಸಪೇಟೆಗೋ ಬಳ್ಳಾರಿಗೋ ಕರೆತಂದ ಮಕ್ಕಳು, ಹೃದಯ ನಿಂತರೆ ಎದೆಯೊತ್ತುವುದು ಬೇಡವೆಂದು ಹೇಳಲು ಪಾಪಭೀತಿಯಿಂದ ನಡುಗುತ್ತಾರೆ. ಸಾವು ಸಮೀಪಿಸಿರುವಾಗ ಫಲವಿಲ್ಲದ ಚಿಕಿತ್ಸೆಯನ್ನು ನಿರಾಕರಿಸುವುದು ಕೊಲೆಯಲ್ಲ. ಆಸ್ತಿಯ ಆಸೆಗೆ, ಬದುಕಬಲ್ಲವರ ಕೈಬಿಡುವುದಾದರೆ ಅದು ಬೇರೆಯೇ ಮಾತು. ತಂದೆಯ ಇಚ್ಛೆ ಏನಿತ್ತೆಂಬುದನ್ನು ಮಕ್ಕಳು ಮೊದಲು ನೆನೆಯಬೇಕು, ತಮ್ಮ ಭಯವನ್ನಲ್ಲ.

2015ರ ಮೇ ತಿಂಗಳಲ್ಲಿ ಅರುಣಾ ಅವರಿಗೆ ನ್ಯುಮೋನಿಯಾ ತಗಲಿ ವೆಂಟಿಲೇಟರ್ ಅಳವಡಿಸಲಾಯಿತು. ಅದು ಕಡ್ಡಾಯವಾಗಿತ್ತೆಂದು ನಮಗೆ ತೋರದು. ಅಷ್ಟು ವರ್ಷ ಸಲಹಿದವರನ್ನು ದೂರಲೂ ಮನಸ್ಸು ಬಾರದು. ಅವರ ಇಚ್ಛೆಯನ್ನು ಕೇಳುವ ಕಾಲ ಎಂದೋ ಕಳೆದುಹೋಗಿತ್ತು. ಮೇ 18ರಂದು, 66ನೆಯ ವಯಸ್ಸಿನಲ್ಲಿ, ಅದೇ ಆಸ್ಪತ್ರೆಯಲ್ಲಿ ಅವರು ಕೊನೆಯುಸಿರೆಳೆದರು.

ಪ್ರಜ್ಞೆಯಿರುವಾಗಲೇ ತಮ್ಮ ಇಚ್ಛೆಯನ್ನು ಬರೆದಿಡುವ ಪತ್ರಕ್ಕೆ 2018ರಲ್ಲಿ ಸರ್ವೋಚ್ಚ ನ್ಯಾಯಾಲಯವು ಮಾನ್ಯತೆ ನೀಡಿತು. 2023ರಲ್ಲಿ ವಿಧಾನವನ್ನು ಸರಳಗೊಳಿಸಿತು. ಇಬ್ಬರು ಸಾಕ್ಷಿಗಳ ಸಮಕ್ಷಮ ಸಹಿ ಹಾಕಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ಇದನ್ನು ಜಾರಿಗೆ ತರಲು ಕರ್ನಾಟಕದ ಆರೋಗ್ಯ ಇಲಾಖೆಯು 2025ರ ಜನವರಿ 30ರಂದು ಆದೇಶ ಹೊರಡಿಸಿದೆ.