ರಾಂಟ್ಜೆನ್ ಮತ್ತು ಹೆಸರಿಲ್ಲದ ಬೆಳಕು

ಎಕ್ಸ್-ರೇ ಕಂಡುಹಿಡಿದ ವಿಲ್ಹೆಲ್ಮ್ ರಾಂಟ್ಜೆನ್ ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್ ಅಂತ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಹುಟ್ಟಿದ್ದು 1845ರಲ್ಲಿ, ಜರ್ಮನಿಯ ಲೆನ್ನೆಪ್‌ನಲ್ಲಿ. ಬೆಳೆದದ್ದು ನೆದರ್ಲೆಂಡ್ಸ್‌ನಲ್ಲಿ. ಅಲ್ಲಿ ಉಟ್ರೆಕ್ಟ್‌ನ ಶಾಲೆಯಲ್ಲಿ ಯಾರೋ ಮೇಷ್ಟ್ರ ವ್ಯಂಗ್ಯಚಿತ್ರ ಬರೆದರು. ಬರೆದವನ ಹೆಸರು ಹೇಳೋಕೆ ಒಪ್ಪದ ರಾಂಟ್ಜೆನ್ ಅವರನ್ನು ಶಾಲೆಯಿಂದಲೇ ಹೊರಹಾಕಿದರು. (ಲಾಸ್ಟ್ ಬೆಂಚಿನವರು ಇಲ್ಲೇ ಅವರ ಫ್ಯಾನ್ ಆಗಬಹುದು!) ಕೊನೆಗೆ ಜ್ಯೂರಿಕ್‌ನ ಪಾಲಿಟೆಕ್ನಿಕ್‌ನಲ್ಲಿ ಸೀಟು ಸಿಕ್ಕಿ, 1868ರಲ್ಲಿ ಇಂಜಿನಿಯರ್ ಆದರು. ಆಮೇಲೆ ಫಿಸಿಕ್ಸ್ ಕಡೆ ಹೊರಳಿದರು.

1895ರ ನವೆಂಬರ್ 8. ವುರ್ಟ್ಸ್‌ಬರ್ಗ್‌ನ ಲ್ಯಾಬ್‌ನಲ್ಲಿ ಗಾಳಿ ತೆಗೆದ ಗಾಜಿನ ಟ್ಯೂಬಿನೊಳಗೆ ಕ್ಯಾಥೋಡ್ ಕಿರಣ ಹರಿಸುತ್ತಿದ್ದರು. ಅದು ಎಲೆಕ್ಟ್ರಾನ್‌ಗಳ ಪ್ರವಾಹ ಅಂತ ಆಗ ಯಾರಿಗೂ ಗೊತ್ತಿರಲಿಲ್ಲ. ಟ್ಯೂಬಿಗೆ ಕಪ್ಪು ರಟ್ಟು ಸುತ್ತಿದ್ದರೂ ದೂರದ ಪರದೆಯೊಂದು ಮಿನುಗಿತು. ಮುಂದಿನ ವಾರಗಳಲ್ಲಿ ಊಟ, ನಿದ್ದೆ ಎಲ್ಲ ಲ್ಯಾಬಿನಲ್ಲೇ. ಡಿಸೆಂಬರ್ 22ರಂದು ಹೆಂಡತಿ ಬರ್ತಾ ಅವರ ಕೈಯ ಮೂಳೆ, ಬೆರಳಿನ ಉಂಗುರ ಎರಡೂ ಫೋಟೋದಲ್ಲಿ ಮೂಡಿದವು.

ಆ ಫೋಟೋ ನಾವೆಲ್ಲ ನೋಡಿದ್ದೇವೆ. ನಮಗೆ ಇಷ್ಟವಾದದ್ದು ಅವರು ಸೋತ ಭಾಗ. ಇದು ಬೆಳಕೇ ಆಗಿದ್ದರೆ ಪ್ರಿಸಂನಲ್ಲಿ ಬಾಗಬೇಕು, ಇಂಟರ್‌ಫೆರೆನ್ಸ್ ತೋರಿಸಬೇಕು. ಅವರು ಎಷ್ಟು ಹುಡುಕಿದರೂ ಎರಡೂ ಸಿಗಲಿಲ್ಲ. ಅದಕ್ಕೇ ಗೊತ್ತಿಲ್ಲದ್ದಕ್ಕೆ ಗಣಿತದಲ್ಲಿ ಇಡುವ ‘ಎಕ್ಸ್’ ಅನ್ನೇ ಹೆಸರಾಗಿ ಇಟ್ಟರು. ತರಂಗಾಂತರ ಪರಮಾಣುವಿನಷ್ಟು ಚಿಕ್ಕದು, ಅವರ ಉಪಕರಣಕ್ಕೆ ಸಿಗುವಂಥದ್ದಲ್ಲ. ಜೊತೆಗೆ ಟ್ಯೂಬಿನಲ್ಲಿ ಪ್ರತಿ ಎಲೆಕ್ಟ್ರಾನೂ ತನ್ನ ಪಾಡಿಗೆ ತಾನು ಡಿಕ್ಕಿ ಹೊಡೆದು ಬೆಳಕು ಚೆಲ್ಲುತ್ತದೆ, ಅಲೆಗಳಿಗೆ ತಾಳಮೇಳವೇ ಇರಲ್ಲ. 1912ರಲ್ಲಿ ಅವರು ಪ್ರೊಫೆಸರ್ ಆಗಿದ್ದ ಮ್ಯೂನಿಕ್‌ನಲ್ಲೇ ಮ್ಯಾಕ್ಸ್ ಫಾನ್ ಲಾವೆ ಅವರ ಐಡಿಯಾದಂತೆ ಹರಳೊಂದರ ಮೂಲಕ ಕಿರಣ ಹಾಯಿಸಿದಾಗ ಚುಕ್ಕೆಗಳ ವಿನ್ಯಾಸ ಮೂಡಿತು. ಅಲೆ ಅನ್ನೋದು ಖಾತ್ರಿಯಾಯ್ತು.

ಆದರೆ ತಾಳ? ಮಾಮೂಲಿ ಲೇಸರ್‌ನಲ್ಲಿ ಎರಡು ಕನ್ನಡಿಗಳ ನಡುವೆ ಬೆಳಕು ಓಡಾಡಿ ಬಲಿಯುತ್ತದೆ. ಎಕ್ಸ್-ರೇಗೆ ಅಂಥ ಕನ್ನಡಿ ಸುಲಭಕ್ಕೆ ಸಿಗಲ್ಲ. ಅದಕ್ಕೆ ಎಲೆಕ್ಟ್ರಾನ್‌ಗಳನ್ನು ಬೆಳಕಿನ ವೇಗದ ಹತ್ತಿರಕ್ಕೆ ಓಡಿಸಿ, ಉತ್ತರ-ದಕ್ಷಿಣ ಧ್ರುವ ಅದಲುಬದಲಾಗಿ ಜೋಡಿಸಿದ ಅಯಸ್ಕಾಂತಗಳ ಉದ್ದ ಸಾಲಿನಲ್ಲಿ ಹಾವಿನಂತೆ ಬಳುಕಿಸುತ್ತಾರೆ. ಅವು ಚೆಲ್ಲಿದ ಬೆಳಕೇ ತಿರುಗಿ ಅವನ್ನು ಸಣ್ಣ ಸಣ್ಣ ಗುಂಪಾಗಿಸುತ್ತದೆ. ಗುಂಪಾದ ಮೇಲೆ ಡೊಳ್ಳು ತಂಡದ ಹಾಗೆ ಎಲ್ಲ ಒಟ್ಟಿಗೆ! ಅಮೆರಿಕದ ಸ್ಟ್ಯಾನ್‌ಫರ್ಡ್ ಬಳಿಯ ಯಂತ್ರ ಹೀಗೆ 0.15 ನ್ಯಾನೋಮೀಟರ್‌ನ ಲೇಸರ್ ಕೊಟ್ಟದ್ದು 2009ರಲ್ಲಿ.

ರಾಂಟ್ಜೆನ್ ಅಷ್ಟು ಹೊತ್ತಿಗೆ ಹೋಗಿ 86 ವರ್ಷ. 1901ರ ಮೊಟ್ಟಮೊದಲ ಫಿಸಿಕ್ಸ್ ನೊಬೆಲ್ ಅವರದೇ. ಆ ದುಡ್ಡನ್ನು ವುರ್ಟ್ಸ್‌ಬರ್ಗ್ ಯೂನಿವರ್ಸಿಟಿಗೆ ಕೊಟ್ಟರು, ಪೇಟೆಂಟ್ ಮಾಡಿಸಲಿಲ್ಲ. 1923ರ ಫೆಬ್ರವರಿ 10ರಂದು ಮ್ಯೂನಿಕ್‌ನಲ್ಲಿ ತೀರಿಕೊಂಡರು. ಜರ್ಮನ್ನರು ಇವತ್ತಿಗೂ ಎಕ್ಸ್-ರೇ ಅನ್ನಲ್ಲ, ರಾಂಟ್ಜೆನ್ ಕಿರಣ ಅಂತಾರೆ. ಅವರು ಮಾತ್ರ ಕೊನೇವರೆಗೂ ‘ಎಕ್ಸ್’ ಅಂತಲೇ ಕರೆದರು.