ಸ್ಪೇನ್‌ನಿಂದ ಬಂದು ವಿಜಯನಗರವನ್ನು ಓದಿದವರು

ಪದವಿಯ ಕೊನೆಯ ವರ್ಷಕ್ಕೆ ಬಂದಾಗ ಗೆಳೆಯರ ಮಾತೆಲ್ಲ ಮುಂದೇನು ಎಂಬುದರ ಸುತ್ತಲೇ ತಿರುಗುತ್ತದೆ. ಒಬ್ಬರು ಕೆಪಿಎಸ್‌ಸಿ ಅನ್ನುತ್ತಾರೆ, ಇನ್ನೊಬ್ಬರು ತೋರಣಗಲ್ಲಿನ ಕಾರ್ಖಾನೆ ಅನ್ನುತ್ತಾರೆ. ಈಚೆಗೆ ವಿದೇಶಕ್ಕೆ ಹೋಗಿ ಸ್ಪ್ಯಾನಿಷ್‌ನಂಥ ಭಾಷೆ ಕಲಿಯುವ ಆಸೆಯೂ ಈ ಮಾತಿನಲ್ಲಿ ಸೇರಿಕೊಂಡಿದೆ. ಆಸೆ ತಪ್ಪಲ್ಲ. ಸ್ಪೇನ್‌ನಿಂದ ಹಿಡಿದು ಮೆಕ್ಸಿಕೊ, ಅರ್ಜೆಂಟೀನಾವರೆಗೆ 20 ದೇಶಗಳಲ್ಲಿ ನಡೆಯುವ ಭಾಷೆ ಅದು. ಆದರೆ ಕಲಿತ ಭಾಷೆಯಿಂದ ಏನು ಮಾಡುತ್ತೇವೆ? ಈ ಪ್ರಶ್ನೆ ಬಂದಾಗಲೆಲ್ಲ ನನಗೆ ನೆನಪಾಗುವುದು ಫಾದರ್ ಹೆನ್ರಿ ಹೆರಾಸ್. ಅವರು ಹಿಡಿದದ್ದು ನಮ್ಮ ಕನಸಿಗೆ ಉಲ್ಟಾ ದಾರಿ. ಸ್ಪೇನ್‌ನಿಂದ ಇಲ್ಲಿಗೆ ಬಂದು, ಹೊಸದಾಗಿ ವಿದ್ಯಾರ್ಥಿಯಾಗಿ, ನಮ್ಮ ವಿಜಯನಗರವನ್ನು ಓದಿದರು.

ಹೆರಾಸ್ ಹುಟ್ಟಿದ್ದು 1888ರಲ್ಲಿ, ಬಾರ್ಸಿಲೋನಾದಲ್ಲಿ. ಜೆಸ್ಯೂಟ್ ಪಾದ್ರಿಗಳ ಸಂಘ ಸೇರಿದ ಅವರು 1922ರಲ್ಲಿ ಹಡಗು ಹತ್ತಿ ಮುಂಬೈಗೆ ಬಂದರು. ಆಗ ವಯಸ್ಸು 34. ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಇತಿಹಾಸ ಕಲಿಸುವ ಕೆಲಸ ಅವರಿಗೆ ಕಾದಿತ್ತು. ಆ ದಿನಗಳ ಒಂದು ಸಂಗತಿಯನ್ನು ಇಂದಿಗೂ ಹೇಳುತ್ತಾರೆ. ಯಾವ ಇತಿಹಾಸ ಕಲಿಸುತ್ತೀರಿ ಎಂದು ಪ್ರಿನ್ಸಿಪಾಲರು ಕೇಳಿದರಂತೆ. ಭಾರತದ ಇತಿಹಾಸ ಎಂದರು ಹೆರಾಸ್. ಅದರ ಬಗ್ಗೆ ಏನು ಗೊತ್ತು ಎಂದು ಕೇಳಿದಾಗ ಏನೂ ಗೊತ್ತಿಲ್ಲವೆಂದು ಒಪ್ಪಿಕೊಂಡರಂತೆ. ಹಾಗಾದರೆ ಕಲಿಸುವುದು ಹೇಗೆ ಎಂಬ ಪ್ರಶ್ನೆಗೆ, ಓದಿ ತಿಳಿದುಕೊಳ್ಳುತ್ತೇನೆ ಎಂಬುದಷ್ಟೇ ಅವರ ಉತ್ತರವಾಗಿತ್ತು. ಸಂದರ್ಶನದಲ್ಲಿ ಗೊತ್ತಿಲ್ಲ ಎಂದು ಹೇಳಲು ಹೆದರುವ ನಮಗೆ ಈ ಉತ್ತರ ದೊಡ್ಡ ಧೈರ್ಯವಾಗಿ ಕಾಣುತ್ತದೆ.

ಅವರು ಹೇಳಿದಂತೆಯೇ ನಡೆದುಕೊಂಡರು. ನಾಲ್ಕೇ ವರ್ಷಗಳಲ್ಲಿ, 1926ರಲ್ಲಿ, ಅದೇ ಕಾಲೇಜಿನಲ್ಲಿ ಭಾರತೀಯ ಇತಿಹಾಸ ಸಂಶೋಧನ ಸಂಸ್ಥೆಯನ್ನು ಕಟ್ಟಿದರು. ಅದು ಇಂದು ಅವರ ಹೆಸರಿನಲ್ಲೇ ಇದೆ. ಮರುವರ್ಷವೇ, 1927ರಲ್ಲಿ, ವಿಜಯನಗರದ ಅರವೀಡು ವಂಶದ ಬಗ್ಗೆ ಅವರ ದೊಡ್ಡ ಗ್ರಂಥ ಹೊರಬಂತು.

ನಮ್ಮ ಭಾಗದವರಿಗೆ ವಿಜಯನಗರವೆಂದರೆ ಹಂಪಿ. 1565ರ ಯುದ್ಧದಲ್ಲಿ ಅಳಿಯ ರಾಮರಾಯ ಸತ್ತ, ಊರು ಹಾಳಾಯಿತು, ಅಲ್ಲಿಗೆ ಕಥೆ ಮುಗಿಯಿತು ಎಂದುಕೊಂಡೇ ನಾವು ಬೆಳೆದಿದ್ದೇವೆ. ಕಥೆ ಅಲ್ಲಿಗೆ ಮುಗಿಯಲಿಲ್ಲ. ರಾಮರಾಯನ ತಮ್ಮ ತಿರುಮಲ ಪೆನುಕೊಂಡೆಯಿಂದ ರಾಜ್ಯವಾಳಿದ. ಆಮೇಲೆ ರಾಜಧಾನಿ ಚಂದ್ರಗಿರಿಗೆ, ಮುಂದೆ ವೆಲ್ಲೂರಿಗೆ ಹೋಯಿತು. ಇನ್ನೂ ಹಲವು ದಶಕ ಈ ವಂಶ ಆಳಿತು. ಆ ಕಾಲದ ಚಿತ್ರವನ್ನು ಹೆರಾಸ್ ಬಿಡಿಸಿಟ್ಟರು.

ಅವರ ಭಾಷೆಗಳು ಕೆಲಸಕ್ಕೆ ಬಂದದ್ದು ಇಲ್ಲಿಯೇ. 1600ರ ಆಸುಪಾಸಿನಲ್ಲಿ ಚಂದ್ರಗಿರಿಯ ವೆಂಕಟಪತಿರಾಯನ ಆಸ್ಥಾನಕ್ಕೆ ಜೆಸ್ಯೂಟ್ ಪಾದ್ರಿಗಳು ಹೋಗಿ ಬರುತ್ತಿದ್ದರು. ಅವರಲ್ಲಿ ರಾಜನಿಗಾಗಿ ಚಿತ್ರ ಬರೆದವರೂ ಇದ್ದರು. ಅರಸ, ದಾಯಾದಿಗಳ ಜಗಳ, ಜಾತ್ರೆ, ಯುದ್ಧ ಎಲ್ಲದರ ಬಗ್ಗೆ ಅವರು ತಮ್ಮ ಮೇಲಿನವರಿಗೆ ಪತ್ರ ಬರೆದು ಕಳಿಸುತ್ತಿದ್ದರು. ಪೋರ್ಚುಗೀಸ್, ಸ್ಪ್ಯಾನಿಷ್, ಲ್ಯಾಟಿನ್‌ನಂಥ ಭಾಷೆಗಳಲ್ಲಿದ್ದ ಆ ಕಾಗದಗಳು ಯುರೋಪಿನ ಕಡತಗಳಲ್ಲಿ ಮಲಗಿದ್ದವು. ಬೇರೆಯವರಿಗೆ ಕಬ್ಬಿಣದ ಕಡಲೆಯಾದದ್ದು ಬಾರ್ಸಿಲೋನಾದ ಈ ಪಾದ್ರಿಗೆ ಸಲೀಸು. ಹೆರಾಸ್ ಆ ಪತ್ರಗಳನ್ನು ಒಂದು ಕೈಯಲ್ಲಿ, ಇಲ್ಲಿನ ಶಾಸನಗಳನ್ನು ಇನ್ನೊಂದು ಕೈಯಲ್ಲಿ ಹಿಡಿದು, ಒಂದನ್ನು ಇನ್ನೊಂದರ ಜೊತೆ ತಾಳೆ ನೋಡಿದರು. ಬರೀ ಸ್ಪ್ಯಾನಿಷ್ ಬಲ್ಲವರು ಸ್ಪೇನ್‌ನಲ್ಲಿ ಲಕ್ಷಾಂತರ ಜನ ಇದ್ದರು. ಬರೀ ಶಾಸನ ಬಲ್ಲವರೂ ಇಲ್ಲಿದ್ದರು. ಎರಡನ್ನೂ ಕೂಡಿಸಿದ್ದರಿಂದ ಹೆರಾಸ್ ಹೆರಾಸ್ ಆದರು.

1929ರಲ್ಲಿ ಅವರು ವಿಜಯನಗರದ ಹುಟ್ಟಿನ ಬಗ್ಗೆ ಇನ್ನೊಂದು ಪುಸ್ತಕ ಬರೆದರು. ಸಾಮ್ರಾಜ್ಯದ ಮೂಲ ಕನ್ನಡ ನೆಲದಲ್ಲೇ, ಹೊಯ್ಸಳರ ನೆರಳಲ್ಲೇ ಇದೆ ಎಂಬ ಪಕ್ಷ ಅವರದು. ವಿದ್ಯಾರಣ್ಯರ ಕುರಿತ ಐತಿಹ್ಯವನ್ನು ಮಾತ್ರ ಅವರು ಪ್ರಶ್ನಿಸಿದರು. ಅದನ್ನು ಒಪ್ಪದ ವಿದ್ವಾಂಸರು ಹಲವರು. ಆ ವಾದ ಇಂದಿಗೂ ಮುಗಿದಿಲ್ಲ.

ಅವರು ತಾವೊಬ್ಬರೇ ಓದಿ ಕೂರಲಿಲ್ಲ, ಶಿಷ್ಯರನ್ನೂ ಬೆಳೆಸಿದರು. ಅವರಲ್ಲೊಬ್ಬರಾದ ಜಾರ್ಜ್ ಮೊರಾಯಿಸ್ ಬನವಾಸಿಯ ಕದಂಬರ ಇತಿಹಾಸವನ್ನು 1931ರಲ್ಲಿ ಪ್ರಕಟಿಸಿದರು. ಕನ್ನಡದ ಮೊದಲ ರಾಜಮನೆತನದ ಬಗ್ಗೆ ಓದುವವರು ಇಂದಿಗೂ ಆ ಪುಸ್ತಕವನ್ನು ತೆರೆಯುತ್ತಾರೆ.

ಮುಂದೆ ಹೆರಾಸ್ ಸಿಂಧೂ ಲಿಪಿಯ ಕಡೆ ತಿರುಗಿದರು. ಅದು ದ್ರಾವಿಡ ಭಾಷೆಯ ಲಿಪಿ ಎಂಬುದು ಅವರ ನಂಬಿಕೆ. ತಮಿಳಿನಲ್ಲಿ ಮೀನ್ ಎಂದರೆ ಮೀನೂ ಹೌದು, ನಕ್ಷತ್ರವೂ ಹೌದು. ಮುದ್ರೆಗಳ ಮೇಲಿನ ಮೀನಿನ ಗುರುತನ್ನು ಹೀಗೆ ಓದಬಹುದೆಂದು ಮೊದಲು ಸೂಚಿಸಿದವರು ಅವರೇ. ಅವರು ಓದಿದೆನೆಂದ ಹೆಚ್ಚಿನದನ್ನು ವಿದ್ವಾಂಸರು ಒಪ್ಪಲಿಲ್ಲ. ಆದರೆ ಮೀನಿನ ಈ ಸುಳಿವನ್ನು ಹಿಡಿದು ಮುಂದಿನವರು ಕೆಲಸ ಮಾಡಿದರು. 1955ರಲ್ಲಿ ಹೆರಾಸ್ ಮುಂಬೈನಲ್ಲಿಯೇ ಕಣ್ಣು ಮುಚ್ಚಿದರು. 1981ರಲ್ಲಿ ಭಾರತದ ಅಂಚೆ ಇಲಾಖೆ ಅವರ ನೆನಪಿಗೆ ಅಂಚೆಚೀಟಿ ತಂದಿತು.

ಈಗ ನಮ್ಮ ಕಡೆ ನೋಡೋಣ. ಗಾದಿಗನೂರಿನಿಂದ ಬಸ್ಸು ಹತ್ತಿದರೆ ಸ್ವಲ್ಪ ಹೊತ್ತಿಗೆ ಹೊಸಪೇಟೆ. ಅಲ್ಲಿಂದ ಸಂಡೂರಿನ ಕಡೆ ಹೊರಟರೆ ರಾಯರ ಕೆರೆಯ ಏರಿ. ಕೃಷ್ಣದೇವರಾಯ ಕಟ್ಟಿಸಿದ ಕೆರೆಯ ಬಗ್ಗೆ 1520ರ ಸುಮಾರಿಗೆ ಇಲ್ಲಿಗೆ ಬಂದಿದ್ದ ಡೊಮಿಂಗೊ ಪಾಯೆಸ್ ಬರೆದಿಟ್ಟಿದ್ದಾನೆ. ಅವನ ಬರಹ ಪೋರ್ಚುಗೀಸ್‌ನಲ್ಲಿದೆ, ಅದು ಸ್ಪ್ಯಾನಿಷ್‌ಗೆ ಒಡಹುಟ್ಟಿದಂಥ ಭಾಷೆ. ಅದರ ಹಸ್ತಪ್ರತಿ ಸಿಕ್ಕಿದ್ದು ಪ್ಯಾರಿಸ್‌ನಲ್ಲಿ, ಅಚ್ಚಾದದ್ದು 1897ರಲ್ಲಿ ಲಿಸ್ಬನ್‌ನಲ್ಲಿ, ಇಂಗ್ಲಿಷ್‌ಗೆ ಬಂದದ್ದು 1900ರಲ್ಲಿ ರಾಬರ್ಟ್ ಸೂಯೆಲ್ ಅವರ ಪುಸ್ತಕದಲ್ಲಿ. ನಮ್ಮ ಕೆರೆಯ ಕಥೆ ನಮಗೆ ತಲುಪಲು ಮೂರು ದೇಶ ಸುತ್ತಿ ಬರಬೇಕಾಯಿತು. ಮೂಲವನ್ನೇ ಓದಬಲ್ಲ ಹುಡುಗನೋ ಹುಡುಗಿಯೋ ಕಮಲಾಪುರ, ಕಂಪ್ಲಿ, ಸಂಡೂರಿನಿಂದ ಬಂದರೆ ಹೇಗಿರುತ್ತದೆ? ಅನುವಾದಕರಿಗೆ ಅರ್ಥವಾಗದ ಊರ ಹೆಸರು, ಬೆಟ್ಟದ ಹೆಸರು, ಅಡುಗೆಯ ಹೆಸರು ಇಲ್ಲಿನವರ ಕಣ್ಣಿಗೆ ತಟ್ಟನೆ ಹೊಳೆಯಬಹುದು.

ಸ್ಪ್ಯಾನಿಷ್ ಕಲಿಯುವವರು ಮೊದಲ ದಿನವೇ ವಿಮಾನ ಹತ್ತಬೇಕಿಲ್ಲ. ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ, ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯಗಳಲ್ಲಿ ಅದನ್ನು ಕಲಿಸುತ್ತಾರೆ. ಇಲ್ಲಿ ತಳಪಾಯ ಹಾಕಿಕೊಂಡು ಆಮೇಲೆ ಸ್ಪೇನ್‌ಗೆ ಹೋದರೆ ಹಣವೂ ಉಳಿದೀತು, ಕಲಿಕೆಯೂ ಗಟ್ಟಿಯಾದೀತು. ಭಾಷಾಂತರ, ಪ್ರವಾಸಿ ಮಾರ್ಗದರ್ಶನ, ಕಂಪನಿಗಳ ಕೆಲಸ ಹೀಗೆ ಹೊಟ್ಟೆಪಾಡಿನ ದಾರಿಗಳೂ ಇವೆ.

ಆದರೆ ಹೋಗುವಾಗ ಊರನ್ನು ಇಲ್ಲೇ ಬಿಟ್ಟು ಹೋಗಬೇಡಿ. ಹೆರಾಸ್ ತಮ್ಮ ಭಾಷೆಗಳನ್ನು ಬಾರ್ಸಿಲೋನಾದಲ್ಲಿ ಬಿಟ್ಟು ಬಂದಿದ್ದರೆ ಮುಂಬೈನಲ್ಲಿ ಇನ್ನೊಬ್ಬ ಮೇಷ್ಟ್ರಾಗಿ ಉಳಿಯುತ್ತಿದ್ದರು. ನಾವೂ ಕನ್ನಡವನ್ನು, ನಮ್ಮ ಶಾಸನ, ಕೆರೆ, ಕಾಲುವೆಗಳ ತಿಳಿವಳಿಕೆಯನ್ನು ಕಟ್ಟಿಕೊಂಡು ಹೋಗೋಣ. ಏನೂ ಗೊತ್ತಿಲ್ಲವೆಂಬ ಅಂಜಿಕೆಗೆ ಹೆರಾಸ್ ಕೊಟ್ಟ ಉತ್ತರ ನಮ್ಮ ಕೈಯಲ್ಲೂ ಇದೆ: ಓದಿ ತಿಳಿದುಕೊಳ್ಳೋಣ.