ಮೇರಿ ಕ್ಯೂರಿಯನ್ನು ಕೊಂದಿದ್ದು ರೇಡಾನ್ ಅನಿಲವೇ? ಒದ್ದೆ ಗೋಡೆಯ ಫಾರ್ವರ್ಡ್ ಹಿಂದಿನ ನಿಜ

ಅಮೆರಿಕದಲ್ಲಿ ಮನೆ ಕೊಳ್ಳುವ ನಮ್ಮವರು ಬೇಸ್‌ಮೆಂಟ್‌ನಲ್ಲಿ ರೇಡಾನ್ ಪರೀಕ್ಷೆ ಮಾಡಿಸುತ್ತಾರೆ. ಆ ಸುದ್ದಿ ಫ್ಯಾಮಿಲಿ ಗ್ರೂಪ್ ಹಿಡಿದು ಕೊಟ್ಟೂರಿಗೆ ಬರುವಷ್ಟರಲ್ಲಿ ಬಣ್ಣ ಬದಲಿಸಿರುತ್ತದೆ. ಒದ್ದೆ ಗೋಡೆಯ ಮುಗ್ಗಲು ವಾಸನೆಯೇ ರೇಡಾನ್, ಮೇರಿ ಕ್ಯೂರಿ ಸತ್ತಿದ್ದೂ ಅದರಿಂದಲೇ, ಕೂಡಲೇ ಎಲ್ಲರಿಗೂ ಕಳಿಸಿ! ಕಳಿಸುವ ಮುಂಚೆ ಆಕೆಯ ಬದುಕನ್ನೊಮ್ಮೆ ನೋಡೋಣ. ರೇಡಾನ್ ಕಥೆ ಅದರೊಳಗೇ ಇದೆ.

ಮೇರಿ ಹುಟ್ಟಿದ್ದು 1867ರಲ್ಲಿ, ಪೋಲೆಂಡಿನ ವಾರ್ಸಾದಲ್ಲಿ. ಆಗ ಆ ಊರು ರಷ್ಯಾದ ಹಿಡಿತದಲ್ಲಿತ್ತು, ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿತ್ತು. ಪರರ ಮನೆಯ ಮಕ್ಕಳಿಗೆ ಪಾಠ ಹೇಳಿ ದುಡಿದು, 1891ರಲ್ಲಿ ಪ್ಯಾರಿಸ್ ಸೇರಿದರು. 1895ರಲ್ಲಿ ಪಿಯರ್ ಕ್ಯೂರಿ ಜೊತೆ ಮದುವೆ.

ಇಬ್ಬರೂ ಕೆಲಸ ಮಾಡಿದ್ದು ಸೋರುವ ಮಾಡಿನ ಹಳೇ ಶೆಡ್ಡಿನಲ್ಲಿ. ತೇವವೂ ಇತ್ತು, ರೇಡಾನ್ ಕೂಡ ಇತ್ತು. ಆದರೆ ರೇಡಾನ್ ಬಂದದ್ದು ತೇವದಿಂದಲ್ಲ, ಅವರು ರಾಶಿಗಟ್ಟಲೆ ಕುದಿಸಿ ಸೋಸುತ್ತಿದ್ದ ಪಿಚ್‌ಬ್ಲೆಂಡ್ ಎಂಬ ಯುರೇನಿಯಂ ಅದಿರಿನಿಂದ. ಆ ಅದಿರಿನಲ್ಲಿ ಅವರಿಗೆ 1898ರಲ್ಲಿ ಎರಡು ಹೊಸ ಮೂಲವಸ್ತುಗಳು ಸಿಕ್ಕವು. ಒಂದಕ್ಕೆ ಮೇರಿ ತಾಯ್ನಾಡಿನ ನೆನಪಿಗೆ ಪೊಲೋನಿಯಂ ಎಂದು ಹೆಸರಿಟ್ಟರು. ಇನ್ನೊಂದು ರೇಡಿಯಂ.

ಆಮೇಲೆ ಒಂದು ವಿಚಿತ್ರ ಕಂಡಿತು. ರೇಡಿಯಂ ಹತ್ತಿರ ಇಟ್ಟ ಸಾಮಾನು, ಕೋಣೆಯ ಗಾಳಿ, ಧೂಳು, ತೊಟ್ಟ ಬಟ್ಟೆ ಎಲ್ಲವೂ ವಿಕಿರಣ ಸೂಸತೊಡಗಿದವು. ಕಾರಣ, ರೇಡಿಯಂನಿಂದ ಸದಾ ಹೊರಬೀಳುವ ಒಂದು ಅನಿಲ. ಅದೇ ರೇಡಾನ್. ಬಣ್ಣವಿಲ್ಲ, ವಾಸನೆಯಿಲ್ಲ. ಹೀಗಾಗಿ ಮೂಗಿಗೆ ಮುಗ್ಗಲು ಹೊಡೆದರೆ ಅದು ಬೂಸ್ಟಿನ ವಾಸನೆ, ರೇಡಾನ್‌ನದ್ದಲ್ಲ.

ರೇಡಾನ್ ಸುಮಾರು 3.8 ದಿನದಲ್ಲಿ ಅರ್ಧಕ್ಕಿಳಿಯುತ್ತದೆ. ಇಳಿದು ಏನಾಗುತ್ತದೆ? ಪೊಲೋನಿಯಂ! ಧೂಳಿಗೆ ಅಂಟಿ ಶ್ವಾಸಕೋಶದಲ್ಲಿ ಕೂತು ಹೆಚ್ಚಿನ ಹಾನಿ ಮಾಡುವುದು ಈ ಪೊಲೋನಿಯಂ. ಊರಿನ ಪ್ರೀತಿಗೆ ಇಟ್ಟ ಹೆಸರು ಎಲ್ಲಿಗೆ ಬಂತು ನೋಡಿ.

1903 ಮತ್ತು 1911ರಲ್ಲಿ ಮೇರಿಗೆ ನೊಬೆಲ್ ಬಂತು. ನಡುವೆ, 1906ರಲ್ಲಿ, ಪಿಯರ್ ಕುದುರೆಗಾಡಿಗೆ ಸಿಕ್ಕಿ ತೀರಿಕೊಂಡರು. ಮೊದಲ ಮಹಾಯುದ್ಧದಲ್ಲಿ ಮೇರಿ ಎಕ್ಸ್‌ರೇ ಗಾಡಿಗಳನ್ನು ಗಾಯಾಳುಗಳ ಬಳಿಗೆ ಒಯ್ದರು. ರೇಡಾನನ್ನು ಸಣ್ಣ ಗಾಜಿನ ಕೊಳವೆಗಳಿಗೆ ತುಂಬಿ ಆಸ್ಪತ್ರೆಗಳಿಗೂ ಕಳಿಸಿದರು. ಆಗ ಅದನ್ನು ಔಷಧಿಯೆಂದೇ ಬಳಸುತ್ತಿದ್ದರು.

1934ರ ಜುಲೈ 4ರಂದು ಆಕೆ ಸತ್ತದ್ದು ಎಪ್ಲಾಸ್ಟಿಕ್ ಅನೀಮಿಯಾದಿಂದ. ಅಂದರೆ ಮೂಳೆಮಜ್ಜೆ ರಕ್ತ ತಯಾರಿಸುವುದನ್ನೇ ನಿಲ್ಲಿಸಿತ್ತು. ರೇಡಾನ್ ತರುವುದು ಶ್ವಾಸಕೋಶದ ಕ್ಯಾನ್ಸರ್, ಅದು ಬೇರೆಯೇ ಕಾಯಿಲೆ. 1995ರಲ್ಲಿ ಅವಶೇಷಗಳನ್ನು ಪ್ಯಾಂಥಿಯನ್‌ಗೆ ಸಾಗಿಸುವಾಗ ಫ್ರಾನ್ಸಿನ ತಜ್ಞರು ವಿಕಿರಣ ಅಳೆದರು. ರೇಡಿಯಂ ಅಷ್ಟೇನೂ ಇರಲಿಲ್ಲ. ಯುದ್ಧಕಾಲದ ಎಕ್ಸ್‌ರೇ ಕಾರಣವಿರಬಹುದು ಎಂಬುದು ಅವರ ಊಹೆ. ಅಲ್ಲಿಗೆ ಫಾರ್ವರ್ಡ್‌ನ ಎರಡನೇ ಮಾತೂ ಬಿತ್ತು.

ಹಾಗಂತ ರೇಡಾನ್ ಸುಳ್ಳಲ್ಲ. ಧೂಮಪಾನದ ನಂತರ ಶ್ವಾಸಕೋಶದ ಕ್ಯಾನ್ಸರಿಗೆ ದೊಡ್ಡ ಕಾರಣ ಇದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮನೆಯ ಗಾಳಿಯಲ್ಲಿ ಒಂದು ಘನ ಮೀಟರಿಗೆ 100 ಬೆಕೆರೆಲ್ ದಾಟದಿರಲಿ ಎಂಬುದು ಅದರ ಸಲಹೆ. ಬೀಡಿ ಸೇದುವವರಿಗಂತೂ ಅಪಾಯ ಹಲವು ಪಟ್ಟು.

ಕೂಡ್ಲಿಗಿ, ಕೊಟ್ಟೂರು ಕಡೆಯ ಬಂಡೆಗಳಲ್ಲೂ ಎಲ್ಲ ಕಲ್ಲುಗಳಂತೆ ಯುರೇನಿಯಂ ತುಸು ಇದ್ದೇ ಇರುತ್ತದೆ. ಅನಿಲ ನೆಲದ ಬಿರುಕಿನಿಂದ ಒಳಬರುತ್ತದೆ, ಗಾಳಿಯಾಡಿದರೆ ಹೊರಹೋಗುತ್ತದೆ. ಹಗಲೆಲ್ಲ ಬಾಗಿಲು ತೆರೆದಿರುವ ನಮ್ಮ ಮನೆಗೂ ಚಳಿಗೆ ಮುಚ್ಚಿಟ್ಟ ಅಲ್ಲಿನ ಬೇಸ್‌ಮೆಂಟಿಗೂ ಇರುವ ವ್ಯತ್ಯಾಸ ಇದೇ. ಕಿಟಕಿಯಿಲ್ಲದ ಕೋಣೆಯಲ್ಲಿ ಮಲಗುವವರು ಮಾತ್ರ ಬಿರುಕು ಮುಚ್ಚಿಸಿ, ಗಾಳಿಗೆ ದಾರಿ ಮಾಡಿ.

ಇನ್ನೊಂದು ಗೊಂದಲ ಜೀವಕ್ಕೇ ಮುಳುವಾದೀತು. ಜೋಳದ ಹಗೇವಿಗೆ ಇಳಿದವರು ಕುಸಿದು ಬೀಳುವುದು ರೇಡಾನ್‌ನಿಂದಲ್ಲ. ರೇಡಾನ್ ಕೆಲಸ ಮಾಡುವುದು ವರ್ಷಗಟ್ಟಲೆ. ಹಗೇವಿನಲ್ಲಿ ಕಾಳು ಉಸಿರಾಡಿ ಆಮ್ಲಜನಕ ಮುಗಿದು ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆ, ಅದು ನಿಮಿಷಗಳಲ್ಲಿ ಕೊಲ್ಲುತ್ತದೆ. ಒಳಗೆ ಬಿದ್ದವರನ್ನು ಎತ್ತಲು ಇನ್ನೊಬ್ಬರು ಹಾಗೇ ಇಳಿಯಬೇಡಿ, 112ಕ್ಕೆ ಕರೆ ಮಾಡಿ.